ತುಕ್ಕಾನೂ ಅಲ್ಲ, ನಮ್ಮದೂ ಅಲ್ಲ

ಭಾನುವಾರ ಬೆಳಿಗ್ಗೆ ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ಜಾಗ ಸಿಗಬೇಕಾದರೆ ಹೊರಗೆ ನಿಂತು ಕಾಯಬೇಕು. ಕಾಯುವವರ ಮಾತು ಸಾಮಾನ್ಯವಾಗಿ ಕ್ರಿಕೆಟ್ಟಿನದು. ಆದರೆ ಗುಂಪಿನಲ್ಲಿ ಫಾರ್ಮುಲಾ ಒನ್ ನೋಡುವವರು ಇಬ್ಬರಿದ್ದರೆ ಸಾಕು, ಮಾತು ಎಲ್ಲಿಂದ ಹೊರಟರೂ ಒಂದು ಹಂತದಲ್ಲಿ 2009ರ ಬೆಲ್ಜಿಯಂಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ನಡೆಯುವುದು ಚರ್ಚೆಯಲ್ಲ, ಎರಡು ಪದಗಳ ಜಗಳ. ಒಬ್ಬರು ‘ತುಕ್ಕಾ’ ಎನ್ನುತ್ತಾರೆ. ಇನ್ನೊಬ್ಬರು ‘ನಮ್ಮ ಟೀಮ್’ ಎನ್ನುತ್ತಾರೆ. ಹದಿನೈದು ವರ್ಷ ಕಳೆದರೂ ಈ ಜಗಳ ಮುಗಿದಿಲ್ಲ. ಮುಗಿಯದಿರಲು ಕಾರಣ, ಎರಡೂ ಪದಗಳು ತಪ್ಪು.

ರೇಸ್ ನೋಡದವರಿಗಾಗಿ ನಡೆದದ್ದಿಷ್ಟು. ಫಾರ್ಮುಲಾ ಒನ್‌ನಲ್ಲಿ ಶನಿವಾರ ಅರ್ಹತಾ ಸುತ್ತು. ಯಾರು ಒಂದು ಲ್ಯಾಪನ್ನು ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಮುಗಿಸುತ್ತಾರೋ ಅವರಿಗೆ ಭಾನುವಾರದ ರೇಸಿನಲ್ಲಿ ಮೊದಲ ಜಾಗ, ಅಂದರೆ ಪೋಲ್ ಪೊಸಿಷನ್. 2009ರ ಆಗಸ್ಟ್ 29ರಂದು ಸ್ಪಾ ಟ್ರ್ಯಾಕಿನಲ್ಲಿ ಆ ಜಾಗ ಫೋರ್ಸ್ ಇಂಡಿಯಾದ ಜಿಯಾಂಕಾರ್ಲೊ ಫಿಸಿಕೆಲ್ಲ ಪಾಲಾಯಿತು. ಸಮಯ 1 ನಿಮಿಷ 46.308 ಸೆಕೆಂಡು. ಅಲ್ಲಿಯ ತನಕ 29 ರೇಸುಗಳನ್ನು ಓಡಿ ಒಂದೇ ಒಂದು ಅಂಕ ಗಳಿಸದ ತಂಡ ಅದು. ಮರುದಿನ ಫಿಸಿಕೆಲ್ಲ ಎರಡನೆಯವರಾಗಿ ಬಂದರು. ಗೆದ್ದ ಫೆರಾರಿಯ ಕಿಮಿ ರೈಕೊನೆನ್ ಅವರಿಗೂ ಇವರಿಗೂ ಇದ್ದ ಅಂತರ ಒಂದು ಸೆಕೆಂಡೂ ಇಲ್ಲ.

ಮೊದಲು ತುಕ್ಕಾ ಪಕ್ಷದವರ ವಾದ. ಅವರ ವಾದದಲ್ಲಿ ಹುರುಳಿಲ್ಲ ಎಂದು ಹೇಳುವಂತಿಲ್ಲ. ಆ ವರ್ಷದ ನಿಯಮದಂತೆ, ಅರ್ಹತಾ ಸುತ್ತಿನ ಕೊನೆಯ ಭಾಗಕ್ಕೆ ಬಂದ ಹತ್ತು ಕಾರುಗಳು ರೇಸ್ ಶುರುಮಾಡಲು ಬೇಕಾದ ಇಂಧನವನ್ನು ತುಂಬಿಕೊಂಡೇ ಓಡಬೇಕಿತ್ತು. ಕಡಿಮೆ ತುಂಬಿಸಿದರೆ ಕಾರು ಹಗುರವಾಗಿ ಲ್ಯಾಪ್ ಬೇಗ ಮುಗಿಯುತ್ತದೆ, ಆದರೆ ಭಾನುವಾರ ಬೇಗ ಪಿಟ್‌ಗೆ ಹೋಗಬೇಕಾಗುತ್ತದೆ. ಸುತ್ತು ಮುಗಿದ ಮೇಲೆ ತೂಕಗಳನ್ನು ಪ್ರಕಟಿಸುತ್ತಿದ್ದರು. ಫಿಸಿಕೆಲ್ಲ ಕಾರು 648 ಕಿಲೋ. ಎರಡನೆಯವರಾದ ಟೊಯೋಟಾದ ಯಾರ್ನೋ ಟ್ರುಲಿಯ ಕಾರು 656.5 ಕಿಲೋ. ಇಬ್ಬರ ನಡುವಿನ ಅಂತರ 0.087 ಸೆಕೆಂಡು. ಏಳು ಕಿಲೋಮೀಟರ್ ಉದ್ದದ ಸ್ಪಾದಲ್ಲಿ ಎಂಟೂವರೆ ಕಿಲೋ ಇಂಧನ ಎಂದರೆ ಇದಕ್ಕಿಂತ ಹೆಚ್ಚೇ ಸಮಯ. ಇಬ್ಬರ ಟ್ಯಾಂಕಿನಲ್ಲೂ ಒಂದೇ ಅಳತೆ ಇದ್ದಿದ್ದರೆ ಪೋಲ್ ಟ್ರುಲಿಗೇ ಹೋಗುತ್ತಿತ್ತು ಎಂದು ವಾದಿಸಬಹುದು. ಒಪ್ಪೋಣ.

ಒಪ್ಪಿದ ಮೇಲೆ ಸಿಗುವುದೇನು? ಫೋರ್ಸ್ ಇಂಡಿಯಾ ಮೊದಲನೆಯದಲ್ಲ, ಎರಡನೆಯದು ಅಂತ. ಕೊನೆಯ ಸಾಲಿನಿಂದ ಎರಡನೇ ಜಾಗಕ್ಕೆ ಬಂದದ್ದು ಹೇಗೆ ಎಂಬ ಪ್ರಶ್ನೆ ಇದ್ದಲ್ಲೇ ಇರುತ್ತದೆ. ಹಗುರವಾದ ಕಾರೇ ಗೆಲ್ಲುವುದಾಗಿದ್ದರೆ 644.5 ಕಿಲೋದ ಬ್ರಾನ್ ಕಾರಿನಲ್ಲಿದ್ದ ರೂಬೆನ್ಸ್ ಬ್ಯಾರಿಕೆಲ್ಲೊ ಪೋಲ್ ಹಿಡಿಯಬೇಕಿತ್ತು. ಅವರದು ನಾಲ್ಕನೇ ಜಾಗ. ಅದೂ ಆ ವರ್ಷ ಚಾಂಪಿಯನ್ ಆದ ತಂಡದ ಕಾರಿನಲ್ಲಿ.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವ ಮೊದಲು ಟೊಂಗೆಯನ್ನು ಒಮ್ಮೆ ನೋಡಬೇಕು. ಸ್ಪಾದಲ್ಲಿ ಉದ್ದನೆಯ ನೇರ ದಾರಿಗಳಿವೆ, ವೇಗದ ತಿರುವುಗಳಿವೆ. ಗಾಳಿಯನ್ನು ಸುಲಭವಾಗಿ ಸೀಳಿಕೊಂಡು ಹೋಗುವ ಕಾರಿಗೆ ಅಲ್ಲಿ ಲಾಭ. ಫೋರ್ಸ್ ಇಂಡಿಯಾ ಕಾರು ಅಂಥದು. ಹಿಂದೆ ಇದ್ದದ್ದು ಮರ್ಸಿಡಿಸ್ ಎಂಜಿನ್. ಸುಳಿವು ಮೊದಲೇ ಸಿಕ್ಕಿತ್ತು: ಜುಲೈಯಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಅದೇ ತಂಡದ ಏಡ್ರಿಯನ್ ಸುಟಿಲ್ ಅರ್ಹತಾ ಸುತ್ತಿನಲ್ಲಿ ಏಳನೆಯವರಾಗಿದ್ದರು. ಪುರಾವೆ ಆಮೇಲೂ ಸಿಕ್ಕಿತು: ಸ್ಪಾ ಆದ ಎರಡು ವಾರಕ್ಕೆ, ಇನ್ನೂ ವೇಗದ ಟ್ರ್ಯಾಕಾದ ಇಟಲಿಯ ಮೊನ್ಜಾದಲ್ಲಿ ಸುಟಿಲ್ ಎರಡನೇ ಜಾಗದಿಂದ ಶುರುಮಾಡಿ ನಾಲ್ಕನೆಯವರಾಗಿ ಮುಗಿಸಿದರು. ಅನಂತರ ತಿರುವುಗಳೇ ತುಂಬಿದ ಸಿಂಗಪುರ ಬಂತು, ತಂಡ ಮತ್ತೆ ಹಿಂದೆ ಬಿತ್ತು. ಆ ವರ್ಷ ಮುಂದೆ ಒಂದು ಅಂಕವೂ ಬರಲಿಲ್ಲ. ತುಕ್ಕಾ ಆಗಿದ್ದರೆ ಎಲ್ಲಿ ಬೇಕಾದರೂ ಬೀಳಬೇಕಿತ್ತು. ಇದು ಬೀಳಬೇಕಾದ ಎರಡು ಕಡೆಯಲ್ಲೇ ಬಿದ್ದಿದೆ.

ಭಾನುವಾರದ ಸೋಲಿಗೂ ಹೀಗೆಯೇ ಕಾರಣವಿತ್ತು. ಆ ವರ್ಷ ಬ್ರೇಕ್ ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ಕೂಡಿಟ್ಟು, ಒಂದು ಗುಂಡಿ ಒತ್ತಿದರೆ ಸುಮಾರು 80 ಅಶ್ವಶಕ್ತಿಯಾಗಿ ವಾಪಸು ಕೊಡುವ ಕರ್ಸ್ ಎಂಬ ಸಾಧನ ಕೆಲವು ಕಾರುಗಳಲ್ಲಿತ್ತು. ಫೆರಾರಿಯಲ್ಲಿತ್ತು, ಫೋರ್ಸ್ ಇಂಡಿಯಾದಲ್ಲಿರಲಿಲ್ಲ. ಮೊದಲ ಲ್ಯಾಪಿನ ಅಪಘಾತದಿಂದ ಬಂದ ಸೇಫ್ಟಿ ಕಾರ್ ಬದಿಗೆ ಸರಿದ ಕೂಡಲೇ ರೈಕೊನೆನ್ ಆ ಗುಂಡಿ ಒತ್ತಿ, ಏರಿನ ನೇರ ದಾರಿಯಲ್ಲಿ ಫಿಸಿಕೆಲ್ಲರನ್ನು ದಾಟಿದರು. ಮತ್ತೆ ಅವರನ್ನು ಹಿಂದೆ ಹಾಕಲು ಆಗಲಿಲ್ಲ. ಹೀಗೆ ಲೆಕ್ಕ ಹಾಕಬಹುದಾದ ಒಂದು ಫಲಿತಾಂಶವನ್ನು ‘ತುಕ್ಕಾ’ ಎಂದು ಕರೆಯುವವರು ವಿಶ್ಲೇಷಣೆ ಮಾಡುತ್ತಿಲ್ಲ, ವಿಶ್ಲೇಷಣೆಯಿಂದ ರಜೆ ತೆಗೆದುಕೊಳ್ಳುತ್ತಿದ್ದಾರೆ. ಬಡ ತಂಡದ ದುಡಿಮೆಗೆ ಅದೃಷ್ಟ ಎಂದು, ಶ್ರೀಮಂತ ತಂಡದ ದುಡಿಮೆಗೆ ಪ್ರತಿಭೆ ಎಂದು ಹೆಸರಿಡುವ ಚಾಳಿ ರೇಸಿನಾಚೆಗೂ ಇದೆ.

ಇಷ್ಟು ಕೇಳಿ ‘ನಮ್ಮ ಟೀಮ್’ ಪಕ್ಷದವರು ಮೀಸೆ ತಿರುವಬೇಕಾಗಿಲ್ಲ. ಅವರ ಪದ ಇನ್ನೂ ಅಪಾಯದ್ದು.

ಕನ್ನಡದ ‘ನಾವು’ ಎಂಬ ಮಾತಿನಲ್ಲಿ ಕೇಳುವವರೂ ಸೇರಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ತುಳುವಿನಲ್ಲಿ ಈ ಗೊಂದಲವಿಲ್ಲ. ಎದುರಿಗಿರುವವರನ್ನೂ ಸೇರಿಸಿ ಹೇಳಿದರೆ ‘ನಮ’, ಅವರನ್ನು ಬಿಟ್ಟು ಹೇಳಿದರೆ ‘ಎಂಕುಲು’. ಮರಾಠಿಯಲ್ಲೂ ‘ಆಪಣ್’ ಬೇರೆ, ‘ಆಮ್ಹಿ’ ಬೇರೆ. ಮಾಟುಂಗದಲ್ಲಿ ಕಾಯುತ್ತಾ ನಿಂತ ತುಳು ಮನೆಮಾತಿನ ಮುಂಬಯಿ ಕನ್ನಡಿಗರು ಈ ಮೂರು ಭಾಷೆಗಳನ್ನೂ ದಿನಕ್ಕೆ ನೂರು ಸಲ ಬಳಸುವವರು. ‘ನಮ್ಮ ಟೀಮ್’ ಎಂದಾಗ ಆ ‘ನಮ್ಮ’ ಯಾವುದು ಎಂದು ಅವರಾದರೂ ಕೇಳಬೇಕಿತ್ತು.

ತಂಡದ ಕಾರ್ಖಾನೆ ಇದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಅದು ಜೋರ್ಡನ್ ಆಗಿ ಹುಟ್ಟಿ, ಮಿಡ್‌ಲ್ಯಾಂಡ್ ಆಗಿ, ಸ್ಪೈಕರ್ ಆಗಿ, 2008ರಲ್ಲಿ ಫೋರ್ಸ್ ಇಂಡಿಯಾ ಆದ ತಂಡ. ಚಾಲಕರು ಒಬ್ಬರು ಇಟಲಿಯವರು, ಒಬ್ಬರು ಜರ್ಮನಿಯವರು. ಭಾರತದ್ದು ಎನ್ನಲು ಇದ್ದದ್ದು ಹೆಸರು, ಬಣ್ಣ ಮತ್ತು ಬಂಟ್ವಾಳ ಮೂಲದ ಒಬ್ಬ ಮಾಲೀಕ. ಕಾರಿನ ಮೈಮೇಲೆ ಆ ಮಾಲೀಕ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಹೆಸರು.

ಅದೇ ಹೆಸರು ಮುಂಬಯಿಯಲ್ಲಿ ವಿಲೇಪಾರ್ಲೆಯ ಒಂದು ಕಟ್ಟಡದ ಮೇಲೂ ಇತ್ತು. ಕಿಂಗ್‌ಫಿಷರ್ ಹೌಸ್, ವಿಮಾನ ಕಂಪನಿಯ ಮುಖ್ಯ ಕಚೇರಿ. ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದ ನೌಕರರು ಕೆಲಸ ನಿಲ್ಲಿಸಿದ ಮೇಲೆ 2012ರ ಅಕ್ಟೋಬರಿನಲ್ಲಿ ಆ ಕಂಪನಿಯ ವಿಮಾನಗಳು ನೆಲಕ್ಕಿಳಿದವು, ಮತ್ತೆ ಹಾರಲಿಲ್ಲ. ಅದೇ ತಿಂಗಳ 28ರಂದು ಗ್ರೇಟರ್ ನೋಯ್ಡಾದಲ್ಲಿ ಇಂಡಿಯನ್ ಗ್ರಾಂಪ್ರಿ ನಡೆಯಿತು. ಫೋರ್ಸ್ ಇಂಡಿಯಾದ ಎರಡೂ ಕಾರುಗಳು ಓಡಿದವು. ವಿಮಾನದ ಸಿಬ್ಬಂದಿಯನ್ನು ಹೊರಗಿಟ್ಟು, ರೇಸ್ ಕಾರನ್ನು ಒಳಗೆ ಸೇರಿಸಿಕೊಂಡ ಈ ‘ನಮ್ಮ’ ತುಳುವಿನ ಯಾವ ಪದಕ್ಕೆ ಹೊಂದುತ್ತದೆ? ಕಿಂಗ್‌ಫಿಷರ್ ಹೌಸನ್ನು ಸಾಲ ಕೊಟ್ಟ ಬ್ಯಾಂಕುಗಳು 2016ರಲ್ಲಿ 150 ಕೋಟಿ ರೂಪಾಯಿ ಮೂಲಬೆಲೆಗೆ ಹರಾಜಿಗಿಟ್ಟವು. ಕೊಳ್ಳುವವರು ಬರಲಿಲ್ಲ. ಹರಾಜಿನ ಮೇಲೆ ಹರಾಜು ಬಿದ್ದುಹೋಗಿ ಕೊನೆಗೆ 2021ರಲ್ಲಿ ಅದು ಸುಮಾರು 52 ಕೋಟಿಗೆ ಹೋಯಿತು. 2009ರ ಪೋಲ್ ನಮ್ಮದಾಗಿದ್ದರೆ ಈ ಬಾಕಿಯೂ ನಮ್ಮದೇ. ಪೋಲನ್ನು ಇಟ್ಟುಕೊಂಡು ಬಾಕಿಯನ್ನು ಅವರ ತಲೆಗೆ ಕಟ್ಟುವುದು ಅಭಿಮಾನವಲ್ಲ, ಅನುಕೂಲ.

ತಂಡ ಯಾರದಾಗಿತ್ತು ಎಂಬುದಕ್ಕೆ ಉತ್ತರ ಕೊಟ್ಟದ್ದೂ ಸ್ಪಾ ಟ್ರ್ಯಾಕೇ. 2018ರ ಜುಲೈಯಲ್ಲಿ ಫೋರ್ಸ್ ಇಂಡಿಯಾ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ಕೈಸೇರಿತು. ನಾನೂರರಷ್ಟು ಜನರ ಕೆಲಸ ತೂಗುಯ್ಯಾಲೆಯಲ್ಲಿತ್ತು. ಕೆನಡಾದ ಲಾರೆನ್ಸ್ ಸ್ಟ್ರೋಲ್ ಮತ್ತು ಜೊತೆಗಾರರು ಕೊಂಡುಕೊಂಡರು. ಭಾರತೀಯ ಮಾಲೀಕತ್ವ ಅಲ್ಲಿಗೆ ಮುಗಿಯಿತು, ಆವರೆಗೆ ಗಳಿಸಿದ ಅಂಕಗಳೂ ಹೋದವು. ಹೊಸ ಮಾಲೀಕರ ಕೈಕೆಳಗೆ ಮೊದಲ ರೇಸ್ ಆಗಸ್ಟಿನ ಕೊನೆಯಲ್ಲಿ ಸ್ಪಾದಲ್ಲಿ. ಮಳೆ ಬಿದ್ದ ಅರ್ಹತಾ ಸುತ್ತಿನಲ್ಲಿ ಎಸ್ತೆಬಾನ್ ಓಕಾನ್ ಮೂರನೆಯವರಾದರು, ಸೆರ್ಗಿಯೊ ಪೆರೆಜ್ ನಾಲ್ಕನೆಯವರಾದರು. ಮಾಲೀಕರು ಬದಲಾದರೂ ಕೆಲಸಗಾರರು ಅವರೇ, ಕಾರೂ ಅದೇ, ಅಚ್ಚರಿಯೂ ಮತ್ತದೇ. ಆ ಪೋಲ್ ಯಾರದಾದರೂ ಆಗಿದ್ದರೆ ಸಿಲ್ವರ್‌ಸ್ಟೋನ್‌ನ ಆ ದುಡಿಯುವವರದು.

ಇದು ಹಳೆಯ ಕಥೆ ಎಂದು ಬಿಡುವಂತಿಲ್ಲ. ಮುಂಬಯಿಯ ಮಹೀಂದ್ರ ಸಮೂಹದ ತಂಡವೊಂದು 2014ರಿಂದ ವಿದ್ಯುತ್ ಕಾರುಗಳ ಫಾರ್ಮುಲಾ ಇ ಸರಣಿಯಲ್ಲಿದೆ. 2023ರ ಜನವರಿ 14ರಂದು ಮೆಕ್ಸಿಕೊ ನಗರದಲ್ಲಿ ಲೂಕಾಸ್ ಡಿ ಗ್ರಾಸಿ ಆ ತಂಡಕ್ಕೆ ಪೋಲ್ ತಂದುಕೊಟ್ಟರು, ರೇಸಿನಲ್ಲಿ ಮೂರನೆಯವರಾದರು. ಅವತ್ತು ಮತ್ತೆ ‘ನಮ್ಮ ಟೀಮ್’ ಕೇಳಿಬಂತು. ಆರು ವಾರ ಕಳೆದು ಕೇಪ್‌ಟೌನ್‌ನಲ್ಲಿ ಹಿಂದಿನ ಸಸ್ಪೆನ್ಷನ್ ಸುರಕ್ಷಿತವಲ್ಲ ಎಂದು ತಂಡ ತನ್ನ ಕಾರುಗಳನ್ನು ಅರ್ಹತಾ ಸುತ್ತಿಗೂ ಮೊದಲೇ ಹಿಂತೆಗೆದುಕೊಂಡಿತು. ಅವತ್ತು ‘ಆವಾಗಿನದು ತುಕ್ಕಾ’ ಎಂದಾಯಿತು. ನಿಜ ಸರಳವಾಗಿದೆ. ಆ ವರ್ಷ ಎಲ್ಲರಿಗೂ ಹೊಸ ಪೀಳಿಗೆಯ ಕಾರು, ಮೆಕ್ಸಿಕೊ ಮೊದಲ ರೇಸ್. ಒಂದು ಲ್ಯಾಪಿನ ಮಟ್ಟಿಗೆ ಮಹೀಂದ್ರದವರು ಹೊಸ ಕಾರನ್ನು ಇತರರಿಗಿಂತ ಬೇಗ ಹದಕ್ಕೆ ತಂದರು. ವರ್ಷಪೂರ್ತಿ ಓಡಿಸುವ ಮಟ್ಟಕ್ಕೆ ತರಲು ಆಗಲಿಲ್ಲ. ತಂಡದ ಕಾರ್ಯಾಗಾರ ಇಂಗ್ಲೆಂಡಿನ ಬ್ಯಾನ್‌ಬರಿಯಲ್ಲಿದೆ. ಇಲ್ಲಿ ಹಣ ಮುಂಬಯಿಯದು, ಅದು ಸಣ್ಣ ಮಾತಲ್ಲ. ಆದರೆ ಹಣ ಹಾಕುವುದು ಬೇರೆ, ಬಲ್ಲವರಾಗುವುದು ಬೇರೆ.

ಹಾಗಾದರೆ ಇಡೀ ಕ್ರೀಡೆಯಲ್ಲಿ ಮುಂಬಯಿಗೆ ‘ನಮ್ಮದು’ ಎನ್ನುವಂಥದು ಏನೂ ಇಲ್ಲವೇ? ಇದೆ. 1998ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಜೆಹಾನ್ ದಾರುವಾಲಾ ಇದ್ದಾರೆ. 2011ರಲ್ಲಿ ಫೋರ್ಸ್ ಇಂಡಿಯಾ ದೇಶಾದ್ಯಂತ ನಡೆಸಿದ ಪ್ರತಿಭಾಶೋಧದಲ್ಲಿ ಆಯ್ಕೆಯಾದ ಹುಡುಗ ಅವರು. ಮಲ್ಯ ಅವರ ತಂಡ ಈ ದೇಶಕ್ಕೆ ನಿಜವಾಗಿ ಕೊಟ್ಟದ್ದು ಅದು, ಸ್ಪಾದ ಪೋಲ್ ಅಲ್ಲ. ಫಾರ್ಮುಲಾ ಒನ್‌ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ ಅವರು 2020ರಿಂದ 2022ರ ನಡುವೆ ನಾಲ್ಕು ರೇಸ್ ಗೆದ್ದರು. ಆದರೆ ಆ ಹುಡುಗ ಬೆಳೆಯಲು ಇಂಗ್ಲೆಂಡಿಗೆ ಹೋಗಬೇಕಾಯಿತು. ಅದಕ್ಕೆ ಮನೆಯವರ ಕೈಯಲ್ಲಿ ಹಣವಿರಬೇಕು. ಡೊಂಬಿವಿಲಿಯಲ್ಲೋ ನಾಲಾಸೋಪಾರಾದಲ್ಲೋ ಇರುವ, ಅಷ್ಟೇ ಚುರುಕಾದ ಇನ್ನೊಬ್ಬ ಹುಡುಗ ಅಥವಾ ಹುಡುಗಿ ಎಲ್ಲಿಗೆ ಹೋಗಬೇಕು?

ಮುಂಬಯಿ ನಗರ, ಉಪನಗರಗಳಲ್ಲಿ ಶಾಶ್ವತವಾದ ಒಂದು ರೇಸ್ ಟ್ರ್ಯಾಕಿಲ್ಲ. ಒಂದು ಕಾಲದಲ್ಲಿ ಜುಹುವಿನ ವಿಮಾನ ಪಟ್ಟಿಯ ಮೇಲೆ ಕಾರ್ ರೇಸ್ ನಡೆಯುತ್ತಿತ್ತು. ಈಗ ಇರುವುದು ದುಡ್ಡು ಕೊಟ್ಟು ಹತ್ತು ನಿಮಿಷ ಸುತ್ತಿ ಬರುವ ಮೋಜಿನ ಗೋ-ಕಾರ್ಟ್ ಜಾಗಗಳು. ಮದರಾಸಿನ ಹತ್ತಿರ ಇರುಂಗಾಟುಕೋಟೆಯಲ್ಲಿದೆ, ಕೊಯಮತ್ತೂರಿನಲ್ಲಿದೆ. ನಾರಾಯಣ್ ಕಾರ್ತಿಕೇಯನ್ ಕೊಯಮತ್ತೂರಿನವರು, ಕರುಣ್ ಚಾಂಧೋಕ್ ಮದರಾಸಿನವರು. ಫಾರ್ಮುಲಾ ಒನ್ ಓಡಿಸಿದ ಇಬ್ಬರೇ ಭಾರತೀಯರು ಟ್ರ್ಯಾಕ್ ಇದ್ದ ಊರುಗಳಿಂದಲೇ ಬಂದದ್ದನ್ನು ತುಕ್ಕಾ ಎನ್ನಲಾಗದು. ಇತ್ತ ಮುಂಬಯಿಯಲ್ಲಿ ವೇಗದ ಹುಚ್ಚಿನ ಹುಡುಗರು ರಾತ್ರಿ ಬಾಂದ್ರಾದ ಕಡೆ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಮೇಲೆ ಬೈಕಿನ ಪಂದ್ಯ ಕಟ್ಟುತ್ತಾರೆ. ಪೊಲೀಸರು ನಾಕಾಬಂದಿ ಹಾಕುತ್ತಾರೆ, ಬೈಕ್ ಎತ್ತಿಕೊಂಡು ಹೋಗುತ್ತಾರೆ. ಕೆಲವರು ಮನೆಗೆ ಮರಳುವುದಿಲ್ಲ. ಯಾರೋ ದಾರಿಹೋಕರೂ ಮರಳುವುದಿಲ್ಲ. ಟ್ರ್ಯಾಕ್ ಕಟ್ಟಿದರೆ ಇದೆಲ್ಲ ನಿಂತುಹೋಗುತ್ತದೆ ಎಂದಲ್ಲ. ಆದರೆ ವೇಗವನ್ನು ಕಲಿಯುವ ಜಾಗ ಇಲ್ಲದ ಊರಿನಲ್ಲಿ ಪೊಲೀಸರ ಲಾಠಿಯೊಂದೇ ಉಪಾಯವಾಗಬಾರದು.

ಬಾಡಿಗೆ ಕೋಣೆಗೇ ಜಾಗವಿಲ್ಲದ ಊರಿನಲ್ಲಿ ರೇಸ್ ಟ್ರ್ಯಾಕೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಯಾರೂ ಚರ್ಚ್‌ಗೇಟಿನಲ್ಲಿ ಏಳು ಕಿಲೋಮೀಟರಿನ ಸ್ಪಾ ಕೇಳುತ್ತಿಲ್ಲ. ಲೋಕಲ್ ರೈಲಿನಲ್ಲಿ ಹೋಗಿ ಸೇರಬಹುದಾದ ಕಡೆ, ಒಂದು ಕಿಲೋಮೀಟರಿನಷ್ಟು ಉದ್ದದ ಸರಿಯಾದ ಕಾರ್ಟಿಂಗ್ ಟ್ರ್ಯಾಕು, ಹುಡುಗರ ಜೇಬಿಗೆ ಹೊರೆಯಾಗದ ಶುಲ್ಕ, ತಿಂಗಳಿಗೊಮ್ಮೆ ಗಡಿಯಾರ ಹಿಡಿದು ನಡೆಸುವ ಅರ್ಹತಾ ಸುತ್ತು, ಇಷ್ಟೇ. ಇಂಗ್ಲೆಂಡಿನ ತಂಡಗಳಿಗೆ ವರ್ಷ ವರ್ಷ ಹಣ ಹಾಕಬಲ್ಲ ನಗರಕ್ಕೆ ಇದು ಆಗದ ಮಾತಲ್ಲ. ಆದರೆ ಕೇಳುವವರಿದ್ದರೆ ತಾನೆ? ಕೇಳಬೇಕಾದ ಅಭಿಮಾನಿಗಳು 2009ರ ಒಂದು ಶನಿವಾರ ಯಾರದು ಎಂದು ಜಗಳವಾಡುತ್ತಿದ್ದಾರೆ.

ಮುಂದಿನ ಸಲ ಹಿಂದಿನ ಸಾಲಿನ ತಂಡವೊಂದು ಶನಿವಾರ ಮುಂದೆ ಬಂದಾಗ ಮಾಟುಂಗದ ಸಾಲಿನಲ್ಲಿ ನಿಂತವರು ಮೊದಲು ಟ್ರ್ಯಾಕ್ ಎಂಥದು, ಕಾರು ಎಂಥದು ಎಂದು ನೋಡಲಿ. ಕಾರಣ ಅಲ್ಲಿ ಸಿಗುತ್ತದೆ. ಆಮೇಲೆ ಆ ತಂಡದಲ್ಲಿ ಕೆಲಸ ಮಾಡಲು ಈ ಊರಿನ ಮಗುವಿಗೆ ದಾರಿ ಇದೆಯೇ ಎಂದು ಕೇಳಲಿ. ಇದೆ ಎಂದಾದ ದಿನ ‘ನಮ್ಮ ಟೀಮ್’ ಎಂದು ಹೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ತುಳುವಿನಲ್ಲಿ ಹೇಳುವುದಾದರೆ, ಅವತ್ತು ‘ನಮ’ ಎಂದೇ ಹೇಳಬಹುದು.