ಹಳೆವಿದ್ಯಾರ್ಥಿಗಳಿಗೆ ಸನ್ಮಾನ: ಅಳತೆಗೋಲು ಯಾವುದು?



ದೀಪಾವಳಿ ಕಳೆದು ಬಿಸಿಲು ಬಲಿಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಎರಡು ಕೆಲಸಗಳು ಒಟ್ಟಿಗೇ ಶುರುವಾಗುತ್ತವೆ. ಒಂದು ಅಡಿಕೆ ಕೊಯ್ಲು, ಇನ್ನೊಂದು ಶಾಲೆ ಕಾಲೇಜುಗಳ ವಾರ್ಷಿಕೋತ್ಸವ. ಅಂಗಳದಲ್ಲಿ ಅಡಿಕೆ ಹರಡಿ, ಆಕಾಶದಲ್ಲಿ ಒಂದು ತುಂಡು ಮೋಡ ಕಂಡರೂ ಎದೆ ಹಾರಿಸಿಕೊಂಡು ಕುಳಿತಿರುವ ಹೊತ್ತಿಗೆ ಆಮಂತ್ರಣ ಪತ್ರಿಕೆಗಳು ಬರತೊಡಗುತ್ತವೆ. ಈ ಸಲ ನಮ್ಮ ಕೈಸೇರಿದ ಪತ್ರಿಕೆಗಳಲ್ಲಿ ಮೂರರಲ್ಲಿ 'ಸಾಧಕ ಹಳೆವಿದ್ಯಾರ್ಥಿಗಳಿಗೆ ಸನ್ಮಾನ' ಎಂಬ ಕಾರ್ಯಕ್ರಮವಿತ್ತು. ಶಾಲು, ಹಾರ, ಪೇಟ, ಹಣ್ಣುಹಂಪಲಿನ ಬುಟ್ಟಿ, ಸ್ಮರಣಿಕೆ, ಕೊನೆಗೆ ಸನ್ಮಾನಪತ್ರದ ವಾಚನ. ಈ ಕ್ರಮ ಎಲ್ಲರಿಗೂ ಬಾಯಿಪಾಠವಾಗಿದೆ.

ಕಾಫಿ ಅಡಿಕೆಯವರ ಪತ್ರಿಕೆಯಲ್ಲಿ ಈ ವಿಷಯಕ್ಕೇನು ಕೆಲಸ ಎಂದು ಕೆಲವರು ಕೇಳಬಹುದು. ಕೆಲಸವಿದೆ. ಓದುಗರು ತುಸು ತಾಳ್ಮೆ ತಂದುಕೊಳ್ಳಬೇಕು.

ನಮ್ಮ ಮನೆ ಕಟಪಾಡಿಯಲ್ಲಿ. ಇಲ್ಲಿಂದ ಹೊರಟರೆ ಉಡುಪಿ ದಾಟಿ ಮಣಿಪಾಲ ತಲಪುವುದಕ್ಕೆ ಹೆಚ್ಚು ಹೊತ್ತು ಬೇಡ. ಹಿಂದೆ ಹುಲ್ಲು ಮುಳ್ಳು ಬಿಟ್ಟರೆ ಬೇರೇನೂ ಇಲ್ಲದಿದ್ದ ಆ ಗುಡ್ಡದಿಂದ ಇಂದು ಲೋಕವೇ ಬಲ್ಲ ವಿದ್ಯಾರ್ಥಿಗಳು ಹೊರಬಂದಿದ್ದಾರೆ. ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 1988ರಲ್ಲಿ ಪದವಿ ಮುಗಿಸಿದ ಸತ್ಯ ನಾದೆಲ್ಲ 2014ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಮುಖ್ಯಸ್ಥರಾದರು. 2022ರಲ್ಲಿ ಅವರಿಗೆ ಪದ್ಮಭೂಷಣ ಘೋಷಣೆಯಾಯಿತು. ಅದೇ ಕಾಲೇಜಿನ ರಾಜೀವ್ ಸೂರಿ ಅದೇ 2014ರಿಂದ 2020ರ ತನಕ ನೋಕಿಯಾ ಕಂಪೆನಿಯನ್ನು ನಡೆಸಿದರು. ಇಂಥವರನ್ನು ಕಲಿಸಿದ ಸಂಸ್ಥೆ ಕರೆದು ಗೌರವಿಸಿದರೆ ಅದರಲ್ಲಿ ಆಕ್ಷೇಪಿಸುವುದಕ್ಕೆ ಏನೂ ಇಲ್ಲ. ನಮಗೂ ಹೆಮ್ಮೆಯೇ. ಬೊಂಬಾಯಿಗೂ ಕೊಲ್ಲಿ ದೇಶಗಳಿಗೂ ಹೋದವರು ಕಳಿಸಿದ ಹಣದಿಂದ ಈ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿಗೆ ಮಾಡು ಬಂದಿದೆ ಎಂಬುದನ್ನು ಬಲ್ಲವರು ನಾವು. ದೂರ ಹೋದವರು ಊರನ್ನು ಮರೆತರು ಎನ್ನುವ ಹಳೆಯ ಗೊಣಗಾಟಕ್ಕೆ ಈ ಬರಹವನ್ನು ಯಾರೂ ಸೇರಿಸಬಾರದು.

ನಮ್ಮ ಆಕ್ಷೇಪ ಬೇರೆ. ವೇದಿಕೆಯ ಮೇಲಿರುವವರ ಬಗ್ಗೆ ಅಲ್ಲ, ವೇದಿಕೆಗೆ ಎಂದೂ ಕರೆಯಲ್ಪಡದವರ ಬಗ್ಗೆ.

ಮಣಿಪಾಲವನ್ನೇ ತೆಗೆದುಕೊಳ್ಳಿ. ಅದನ್ನು ಕಟ್ಟಿದ ಡಾ. ಟಿ. ಎಂ. ಎ. ಪೈಯವರೂ ಒಂದು ಕಾಲೇಜಿನ ಹಳೆವಿದ್ಯಾರ್ಥಿಯೇ. ಮದ್ರಾಸಿನಲ್ಲಿ ವೈದ್ಯವಿದ್ಯೆ ಕಲಿತರು, ಊರಿಗೆ ಬಂದರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜತೆಗೂಡಿ ಉಡುಪಿಯಲ್ಲಿ ಬೇಂಕು ಆರಂಭಿಸಿದರು. ಅದೇ ಮುಂದೆ ಸಿಂಡಿಕೇಟ್ ಬೇಂಕ್ ಆಯಿತು, 2020ರಲ್ಲಿ ಕೆನರಾ ಬೇಂಕಿನೊಂದಿಗೆ ವಿಲೀನವಾಯಿತು. ದಿನಕ್ಕೆ ಎರಡಾಣೆ ಕಟ್ಟುವ ಪಿಗ್ಮಿ ಠೇವಣಿ 1928ರಲ್ಲಿ ಬಂತು. ಮೀನು ಮಾರುವವಳ ಬುಟ್ಟಿಯ ಬಳಿಗೇ ಬೇಂಕು ಹೋದದ್ದು ಹಾಗೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲಿ ತೆರೆಯಿತು. ಮದ್ರಾಸಿನಲ್ಲಿ ಪಡೆದ ಪದವಿಯ ಫಲ ಉಂಡವರು ಉಡುಪಿಯವರು. ಪದವಿಯನ್ನು ಅಳೆಯುವುದಕ್ಕೆ ಇದೂ ಒಂದು ಅಳತೆ ತಾನೆ?

ಇನ್ನೊಬ್ಬರು ನಮ್ಮೂರಿನವರೇ. ಡಾ. ವಿ. ಎಸ್. ಆಚಾರ್ಯ ಹುಟ್ಟಿದ್ದು ಇದೇ ಕಟಪಾಡಿಯಲ್ಲಿ, ಎಂ.ಬಿ.ಬಿ.ಎಸ್. ಮಾಡಿದ್ದು ಮಣಿಪಾಲದಲ್ಲಿ, ವೈದ್ಯವೃತ್ತಿ ನಡೆಸಿದ್ದು ಉಡುಪಿಯಲ್ಲಿ. ಮುಂದೆ ಅವರು ರಾಜ್ಯದ ಗೃಹಮಂತ್ರಿಯಾದರು, ಉನ್ನತ ಶಿಕ್ಷಣ ಮಂತ್ರಿಯಾಗಿದ್ದಾಗಲೇ 2012ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ರಾಜಕೀಯವನ್ನು ಒಪ್ಪುವವರೂ ಒಪ್ಪದವರೂ ನಮ್ಮ ಸದಸ್ಯರಲ್ಲಿದ್ದಾರೆ, ಆ ಚರ್ಚೆಗೆ ಈ ಪತ್ರಿಕೆ ಸ್ಥಳವಲ್ಲ. ನಾವು ಎತ್ತಿ ಹೇಳಬೇಕೆಂದಿರುವುದು ಅವರು ಮಂತ್ರಿಯಾಗುವುದಕ್ಕೆ ಬಹಳ ಹಿಂದಿನ ಮಾತು. 1968ರಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಅವರು ಉಡುಪಿ ಪುರಸಭೆಯ ಅಧ್ಯಕ್ಷರಾದರು. ಆ ಕಾಲದ ಕಕ್ಕಸುಗಳು ಹೇಗಿದ್ದವು ಎಂಬುದು ನಮ್ಮ ಹಿರಿಯ ಓದುಗರಿಗೆ ನೆನಪಿರಬಹುದು, ಕಿರಿಯರಿಗೆ ಹೇಳಿದರೂ ನಂಬಿಕೆ ಬಾರದು. ಮನೆಯ ಹಿತ್ತಿಲಿನ ಓಣಿಯಿಂದ ಒಬ್ಬ ಮನುಷ್ಯ ಇನ್ನೊಬ್ಬರ ಮಲವನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಸಾಗಬೇಕಿತ್ತು. ಪೇಟೆಯ ದೊಡ್ಡವರೆಲ್ಲ ಅದನ್ನು ದಿನವೂ ಕಂಡು ಮೂಗು ಮುಚ್ಚಿಕೊಳ್ಳುತ್ತಿದ್ದರೇ ಹೊರತು ಬೇರೇನನ್ನೂ ಮಾಡಿರಲಿಲ್ಲ. ಆಚಾರ್ಯರ ಆಡಳಿತ ಕಾಲದಲ್ಲಿ ಉಡುಪಿ ಪುರಸಭೆ ಈ ಪದ್ಧತಿಯನ್ನು ನಿಲ್ಲಿಸಿತು. ದೇಶದ ಸಂಸತ್ತು ಇದರ ವಿರುದ್ಧ ಕಾನೂನು ಮಾಡಿದ್ದು 1993ರಲ್ಲಿ, ಅದು ಸಾಲದೆಂದು ಇನ್ನೊಂದು ಕಾನೂನು ಬಂದದ್ದು 2013ರಲ್ಲಿ. ಒಂದು ಸಣ್ಣ ಪೇಟೆಯ ಪುರಸಭೆ ಎರಡು ದಶಕ ಮೊದಲೇ ಮಾಡಿತ್ತು.

ಒಬ್ಬ ವೈದ್ಯನಿಗೆ ಈ ಕೆಲಸ ಏಕೆ ಹೊಳೆಯಿತು? ವಾಂತಿಭೇದಿಗೆ ಔಷಧ ಕೊಡುವವನಿಗೆ ವಾಂತಿಭೇದಿ ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತಿರುತ್ತದೆ. ಕಾಲೇಜಿನಲ್ಲಿ ಕಲಿತದ್ದನ್ನು ಪುರಸಭೆಯ ಕುರ್ಚಿಯಲ್ಲಿ ಕುಳಿತು ಬಳಸುವುದು ಎಂದರೆ ಇದೇ ಎಂದು ನಾವು ತಿಳಿದಿದ್ದೇವೆ.

ಊರಿನ ಮಾತಾಯಿತು, ಈಗ ತೋಟಕ್ಕೆ ಬರೋಣ. ನಮ್ಮವರು ಮಹಾಳಿ ಎಂದೂ ಘಟ್ಟದ ಮೇಲಿನವರು ಕೊಳೆರೋಗ ಎಂದೂ ಕರೆಯುವ ಪೀಡೆಯನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ಆಷಾಢದ ಜಡಿಮಳೆಯಲ್ಲಿ ಎಳೆಕಾಯಿ ಕೊಳೆತು ಬುಡದಲ್ಲಿ ರಾಶಿ ಬೀಳುವುದನ್ನು ನೋಡಿದವನಿಗೆ ಆ ವರ್ಷದ ಸಾಲದ ಲೆಕ್ಕ ಅಲ್ಲೇ ಸಿಗುತ್ತದೆ. ನೂರು ವರ್ಷಗಳ ಹಿಂದೆ ಮಲೆನಾಡಿನವರು ಪ್ರತಿಯೊಂದು ಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದರು. ಮರಕ್ಕೊಂದಲ್ಲ, ಗೊನೆಗೊಂದು! ಆ ಕಾಲಕ್ಕೆ, 1908ರಲ್ಲಿ, ಮೈಸೂರು ಸಂಸ್ಥಾನಕ್ಕೆ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ತರುಣ ಬಂದರು. ಟೊರಾಂಟೊ ವಿಶ್ವವಿದ್ಯಾನಿಲಯದ ಪದವೀಧರ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟು ಪಡೆದವರು. ಶಿಲೀಂಧ್ರಗಳನ್ನೂ ಕೀಟಗಳನ್ನೂ ನೋಡಿಕೊಳ್ಳುವುದು ಅವರ ಹುದ್ದೆ. ಮಳೆಗಾಲದ ತೋಟದಲ್ಲಿ, ಜಿಗಣೆಗಳ ನಡುವೆ ನಿಂತು, ಈ ರೋಗದ ಮೂಲ ಒಂದು ಶಿಲೀಂಧ್ರ ಎಂಬುದನ್ನು ಅವರು ತೋರಿಸಿಕೊಟ್ಟರು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆ ಬಿಡುತ್ತಿದ್ದ ಮೈಲುತುತ್ತು ಸುಣ್ಣದ ದ್ರಾವಣವನ್ನು ಅಡಿಕೆ ಗೊನೆಗೆ ಬಿಡುವ ಕ್ರಮವನ್ನು ರೂಢಿಗೆ ತಂದರು.

ಇಂದಿಗೂ ನಾವು ಮಾಡುತ್ತಿರುವುದು ಅದನ್ನೇ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ನಲುವತ್ತು ನಲುವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮದ್ದಿನ ವಾಸನೆಗೆ ಬೈಯುತ್ತ, ಮರ ಹತ್ತುವವರು ಸಿಗದೆ ಪರದಾಡುತ್ತ, ಆ ಮನುಷ್ಯನ ಹೆಸರನ್ನು ಮಾತ್ರ ನೆನೆಯುವುದಿಲ್ಲ. ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆ ಆರಂಭವಾದದ್ದು ಅವರ ಕಾಲದಲ್ಲಿ. ಅದೇ ಬೆಳೆದು 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನ ಕೇಂದ್ರ ತೆರೆದದ್ದೂ ಅವರ ಕಾಲದಲ್ಲೇ. ನಮ್ಮ ಕಾಫಿ ಸದಸ್ಯರು ಇಂದಿಗೂ ನೆಚ್ಚಿಕೊಂಡಿರುವ ಎಸ್. 795 ತಳಿ ಬಂದದ್ದು ಆ ಕೇಂದ್ರದಿಂದ. 1934ರಲ್ಲಿ ಅವರು ಇಲ್ಲಿಂದ ಹೊರಟರು, 1954ರಲ್ಲಿ ತೀರಿಕೊಂಡರು. ಟೊರಾಂಟೊದ ಹಳೆವಿದ್ಯಾರ್ಥಿಯೊಬ್ಬರ ಸಾಧನೆಯನ್ನು ತೂಗುವುದಿದ್ದರೆ ತಕ್ಕಡಿಯನ್ನು ತೀರ್ಥಹಳ್ಳಿಗೋ ಕೊಪ್ಪಕ್ಕೋ ತರಬೇಕಾಗುತ್ತದೆ. ಟೊರಾಂಟೊದಲ್ಲಿ ಕುಳಿತು ತೂಗಿದರೆ ಗೊತ್ತಾಗುವಂಥದ್ದಲ್ಲ.

ಈಗ ನಮ್ಮದೇ ಒಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ, ನಾವು ಓದಿದ ಕಾಲೇಜಿನ ಹಳೆವಿದ್ಯಾರ್ಥಿ ಸಂಘದವರು ಸನ್ಮಾನಕ್ಕೆ ಹೆಸರು ಸೂಚಿಸಿ ಎಂದು ಕಾಗದ ಬರೆದರು. ನಮಗಿಂತ ಹಲವು ವರ್ಷ ಹಿರಿಯರಾದ, ಅಲ್ಲೇ ಓದಿ ಬಳಿಕ ಕೃಷಿ ಪದವಿ ಪಡೆದು, ಮೂವತ್ತು ವರ್ಷ ಹಳ್ಳಿ ತಿರುಗಿ ನಿವೃತ್ತರಾದ ಒಬ್ಬರ ಹೆಸರನ್ನು ಕಳಿಸೋಣವೆಂದು ನಿಶ್ಚಯಿಸಿದೆವು. ಅವರ ಹೆಸರನ್ನು ಇಲ್ಲಿ ಬರೆದರೆ ಅವರೇ ಬೇಸರಪಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಅನೇಕರಿಗೆ ಮದ್ದು ಕಲಸುವುದನ್ನು ಕಲಿಸಿದವರು ಅವರು. ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯಬೇಕು, ತಲೆಕೆಳಗು ಮಾಡಬಾರದು. ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಬೇಕು, ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅಂಗಿ ಕಳಚಿಟ್ಟು ತಾವೇ ಕಲಸಿ ತೋರಿಸುತ್ತಿದ್ದರು. ಒಂದು ಮಳೆಗಾಲ ಹೊಳೆ ತುಂಬಿ ಬಸ್ಸು ನಿಂತಾಗ ನಡೆದುಕೊಂಡೇ ಬಂದು, ನಮ್ಮ ತೋಟದ ಗೊನೆ ನೋಡಿ, ಗಂಜಿ ಉಂಡು ಹಿಂದಿರುಗಿದ್ದು ನಮಗೆ ನಿನ್ನೆ ಮೊನ್ನೆ ಕಂಡಂತಿದೆ.

ಸಂಘದವರು ಕಳಿಸಿದ ಫಾರಂ ನಾಲ್ಕು ಪುಟ. ಈಗಿನ ಹುದ್ದೆ? ನಿವೃತ್ತ. ಸಂಸ್ಥೆಯ ವಾರ್ಷಿಕ ವಹಿವಾಟು? ಅನ್ವಯಿಸುವುದಿಲ್ಲ. ಕೈಕೆಳಗಿನ ನೌಕರರ ಸಂಖ್ಯೆ? ಅನ್ವಯಿಸುವುದಿಲ್ಲ. ಕೆಲಸ ಮಾಡಿದ ವಿದೇಶಗಳು? ಇಲ್ಲ. ಪಡೆದ ಪ್ರಶಸ್ತಿಗಳು? ಇಲ್ಲ. ಕೊನೆಗೆ 'ಸಮಾಜಸೇವೆ' ಎಂದು ಎರಡು ಗೆರೆಯಷ್ಟು ಜಾಗ. ಮೂವತ್ತು ಮಳೆಗಾಲವನ್ನು ಎರಡು ಗೆರೆಯಲ್ಲಿ ತುರುಕಿ ಕಳಿಸಿದೆವು. ಉತ್ತರ ಬರಲಿಲ್ಲ. ಆ ವರ್ಷ ಸನ್ಮಾನಿತರಾದ ನಾಲ್ವರೂ ಯೋಗ್ಯರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಫಾರಂ ಹಿಡಿದು ಹುಡುಕಿದರೆ ಅಂಥವರೇ ಸಿಗುವುದು. ದೊಡ್ಡ ಕಣ್ಣಿನ ಜರಡಿಯಲ್ಲಿ ಕಾಳುಮೆಣಸು ಉಳಿಯುತ್ತದೆಯೇ?

ಇದು ಒಬ್ಬರಿಗೆ ಒಂದು ಶಾಲು ತಪ್ಪಿದ ದೂರು ಮಾತ್ರವಾಗಿದ್ದರೆ ಪತ್ರಿಕೆಯ ಇಷ್ಟು ಜಾಗ ವ್ಯಯಿಸುತ್ತಿರಲಿಲ್ಲ. ಕಳಸ, ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಗಳಲ್ಲಿ ಅಡಿಕೆಗೆ ಬಂದ ಎಲೆಚುಕ್ಕೆ ರೋಗ ಎಷ್ಟು ತೋಟಗಳನ್ನು ಒಣಗಿಸಿದೆ ಎಂಬುದನ್ನು ಸದಸ್ಯರು ಕಣ್ಣಾರೆ ಕಂಡಿದ್ದಾರೆ. ಘಟ್ಟ ಇಳಿದು ಕೆಳಗೂ ಅದು ಕಾಣಿಸಿದೆ. ಸುಳ್ಯದ ಕಡೆ ಹಳದಿ ಎಲೆ ರೋಗಕ್ಕೆ ತೋಟವನ್ನೇ ಬಿಟ್ಟುಕೊಟ್ಟವರಿದ್ದಾರೆ. ಇಂದು ನಮಗೆ ಬೇಕಾಗಿರುವುದು ಕಲಿತು ತೋಟಕ್ಕೆ ಬರುವ ಜನ. ಹಾಗಿರುವಾಗ, ಕೃಷಿ ಪದವಿ ಪಡೆದ ಹುಡುಗ ಹುಡುಗಿಯರಲ್ಲಿ ಅನೇಕರು ಬೇಂಕಿನ ಪರೀಕ್ಷೆ ಬರೆಯುತ್ತಾರೆ, ಔಷಧ ಕಂಪೆನಿಗೆ ಹೋಗುತ್ತಾರೆ. ಅವರದು ತಪ್ಪೆನ್ನಲಾರೆವು, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಮೂರು ವರ್ಷ, ನಾಲ್ಕು ವರ್ಷ ಕಾಲೇಜಿನ ಸಭಾಂಗಣದಲ್ಲಿ ಕುಳಿತು ಅವರು ಯಾರಿಗೆ ಚಪ್ಪಾಳೆ ತಟ್ಟುತ್ತಾರೆ? ಒಮ್ಮೆಯಾದರೂ ಹಳ್ಳಿ ತಿರುಗಿದ ಅಧಿಕಾರಿಗೆ, ನಡುರಾತ್ರಿ ಹಟ್ಟಿಗೆ ಬಂದು ದನದ ಹೆರಿಗೆ ಮಾಡಿಸಿದ ಪಶುವೈದ್ಯರಿಗೆ, ಒಳನಾಡಿನ ಆರೋಗ್ಯಕೇಂದ್ರದಲ್ಲೇ ತಲೆ ನರೆತ ವೈದ್ಯರಿಗೆ ತಟ್ಟಿದ್ದುಂಟೇ? ಕಂಡಿರದ ದಾರಿಯಲ್ಲಿ ಮಕ್ಕಳು ನಡೆಯಲಿ ಎಂದು ಬಯಸಿದರೆ ಹೇಗೆ?

ಸನ್ಮಾನದ ಹೆಸರಿನಲ್ಲಿ ದೊಡ್ಡವರನ್ನು ಕರೆದರೆ ಕಾಲೇಜಿಗೆ ನಾಲ್ಕು ಕಾಸು ಬರುತ್ತದೆ ಎಂದು ಒಬ್ಬ ಪ್ರಾಂಶುಪಾಲರು ನಮ್ಮೊಡನೆ ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಸಂಘ ನಡೆಸುವವರಿಗೆ ಹಣದ ಅಡಚಣೆ ಏನೆಂದು ಹೇಳಿಕೊಡಬೇಕೇ? ಹಾಗಾದರೆ ದಾನಿಗಳಿಗೆ ಬೇರೆಯೇ ಒಂದು ದಿನ ಇಟ್ಟು, ಮನಸಾರೆ ಕೃತಜ್ಞತೆ ಹೇಳಿ, ಅವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಲಿ. ಎರಡನ್ನೂ ಒಂದೇ ಶಾಲಿನಲ್ಲಿ ಸುತ್ತಿದಾಗಲೇ ಗೊಂದಲ.

ಹುಡುಕಿದರೆ ಸಿಗುವುದಿಲ್ಲ ಎನ್ನುವಂತೆಯೂ ಇಲ್ಲ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು. ಕಾಲೇಜಿನ ಮುಖ ನೋಡದ ಅಮೈ ಮಹಾಲಿಂಗ ನಾಯ್ಕರು ಬಂಟ್ವಾಳ ತಾಲೂಕಿನ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ಕೊರೆದು ಸೋತು, ಕೊನೆಗೂ ನೀರು ಕಂಡು ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದಿಲ್ಲಿಗೆ ಅಡ್ಯನಡ್ಕ ಕಾಣಿಸಿತು. ನಮ್ಮ ಕಾಲೇಜುಗಳಿಗೆ ಕಾರ್ಕಳ, ಹೆಬ್ರಿ ಕಾಣಿಸಲಾರದೇ?

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಬೇರೆಯವರ ಎಲೆಯ ನೊಣ ತೋರಿಸುವ ನಾವು ಮಾಡಿದ್ದೇನು? ನಮ್ಮ ಸಂಘದ ಮಹಾಸಭೆಗಳ ಹಳೆಯ ಫೋಟೋಗಳನ್ನು ಮೊನ್ನೆ ತೆಗೆದು ನೋಡಿದೆವು. ಹಾರ ಹಾಕಿಸಿಕೊಂಡವರಲ್ಲಿ ಮಂತ್ರಿಗಳಿದ್ದಾರೆ, ಶಾಸಕರಿದ್ದಾರೆ, ಬೇಂಕಿನ ಅಧಿಕಾರಿಗಳಿದ್ದಾರೆ. ಮದ್ದು ಕಲಸಲು ಕಲಿಸಿದವರು ಒಂದೇ ಒಂದು ಫೋಟೋದಲ್ಲಿದ್ದಾರೆ, ಅದೂ ಹಿಂದಿನ ಸಾಲಿನ ಕುರ್ಚಿಯಲ್ಲಿ. ಹಾರದ ಪಟ್ಟಿ ತಯಾರಿಸಿದವರು ಕಾರ್ಯದರ್ಶಿಯಾದ ನಾವೇ.

ಆದ್ದರಿಂದ ಆಡಳಿತ ಮಂಡಳಿಯ ಮುಂದಿನ ಸಭೆಗೆ ಒಂದು ಸೂಚನೆ ಇಡುತ್ತಿದ್ದೇವೆ. ಸದಸ್ಯರು ತಮಗೆ ಉಪಕಾರವಾದ ಒಬ್ಬ ಪದವೀಧರರ ಹೆಸರನ್ನು ಕಳಿಸಬೇಕು. ಅವರು ಕೃಷಿ ಅಧಿಕಾರಿಯಾಗಿರಬಹುದು, ಸಂಶೋಧಕರಾಗಿರಬಹುದು, ಪಶುವೈದ್ಯರೋ ಶಾಲೆಯ ಮೇಷ್ಟ್ರೋ ದಾದಿಯೋ ಆಗಿರಬಹುದು. ಅವರು ಎಲ್ಲಿ ಓದಿದರು, ಯಾವ ವರ್ಷ ಯಾರ ತೋಟದಲ್ಲಿ, ಯಾರ ಮನೆಯಲ್ಲಿ ಏನು ಮಾಡಿದರು ಎಂಬುದನ್ನು ನಿಮ್ಮದೇ ಮಾತಿನಲ್ಲಿ ಒಂದು ಪುಟ ಬರೆಯಿರಿ. ಬರೆಯಲಾಗದವರು ಕಚೇರಿಗೆ ಬಂದು ಹೇಳಿದರೆ ನಾವೇ ಬರೆದುಕೊಳ್ಳುತ್ತೇವೆ. ಆರಿಸಿದ ಹೆಸರುಗಳನ್ನು ಸಂಘದ ಮೊಹರು ಹಾಕಿ ಆಯಾ ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಕಳಿಸುತ್ತೇವೆ. ಅವರು ಕರೆದರೆ ಸಂತೋಷ. ಕರೆಯದಿದ್ದರೆ ನಮ್ಮ ಮಹಾಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಇದೆ.

ಬಿಸು ಹಬ್ಬದೊಳಗೆ ಪತ್ರಗಳು ಕಚೇರಿಗೆ ತಲಪಲಿ. ಮೊದಲ ಪುಟವನ್ನು ನಾವು ಬರೆದಿಟ್ಟಿದ್ದೇವೆ, ಹೊಳೆ ತುಂಬಿದ ದಿನ ನಡೆದು ಬಂದವರದು.