ಭರವಸೆಗೆ ಬೆಲೆ ಕಟ್ಟುವವರು

ಕೊಡಗಿನ ಜಮಾಅತ್‌ಗಳಿಗೆ ಬರುವ ಸಹಾಯದ ಅರ್ಜಿಗಳಲ್ಲಿ ಚಿಕಿತ್ಸೆಯ ಅರ್ಜಿಗಳಿಗೆ ಕೊರತೆಯಿಲ್ಲ. ಮಡಿಕೇರಿಯಲ್ಲಿ 2016ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಬಳಿಕವೂ ಗಂಭೀರ ರೋಗಿಗಳನ್ನು ಮಂಗಳೂರಿಗೋ ಮೈಸೂರಿಗೋ ಒಯ್ಯುವುದು ತಪ್ಪಿಲ್ಲ. ಇಂತಹ ಅರ್ಜಿಯೊಂದರಲ್ಲಿ 'ಸ್ಟೆಮ್ ಸೆಲ್ ಚಿಕಿತ್ಸೆ' ಎಂಬ ಮಾತು ಕಂಡರೆ ಜಮಾಅತ್‌ನ ಹಿರಿಯರು ಏನು ಮಾಡಬೇಕು? ಈ ಪ್ರಶ್ನೆಗೆ ನಾವು ಸಿದ್ಧರಾಗಬೇಕಾಗಿದೆ.

ಸ್ಟೆಮ್ ಸೆಲ್ ಅಥವಾ ಕಾಂಡಕೋಶವೆಂದರೆ ತಾನೂ ಬೆಳೆದು, ಬೇರೆ ಬಗೆಯ ಜೀವಕೋಶಗಳಾಗಿಯೂ ಮಾರ್ಪಡಬಲ್ಲ ಮೂಲಕೋಶ. ಪ್ರಯೋಗಾಲಯದಲ್ಲಿ ಇದನ್ನು ಬಹುಕಾಲದಿಂದ ಚಪ್ಪಟೆ ತಟ್ಟೆಗಳಲ್ಲಿ ಹಾಸಿನಂತೆ ಬೆಳೆಸಲಾಗುತ್ತಿದೆ. ಆದರೆ ದೇಹದೊಳಗೆ ಕೋಶಗಳು ಎಲ್ಲ ದಿಕ್ಕಿನಿಂದಲೂ ಒಂದನ್ನೊಂದು ತಾಗಿಕೊಂಡಿರುತ್ತವೆ. ಅದನ್ನೇ ಅನುಸರಿಸಿ ವಿಜ್ಞಾನಿಗಳು ಈಗ ಅವುಗಳನ್ನು ಪುಟ್ಟ ಉಂಡೆಗಳಾಗಿ ಬೆಳೆಸುತ್ತಿದ್ದಾರೆ. ಮಳೆಗಾಲದಲ್ಲಿ ಎಲೆಯ ತುದಿಗೆ ಜೋತುಬಿದ್ದ ಹನಿಯಂತೆ ದ್ರವದ ಹನಿಗಳನ್ನು ತೂಗುಬಿಟ್ಟರೆ, ಕೋಶಗಳು ತಳಕ್ಕಿಳಿದು ಒಟ್ಟುಗೂಡುತ್ತವೆ. ಹೀಗೆ ಗುಂಪುಗೂಡಿದ ಕೋಶಗಳು ಉರಿಯೂತ ತಗ್ಗಿಸುವ ವಸ್ತುಗಳನ್ನು ಹೆಚ್ಚು ಸ್ರವಿಸುತ್ತವೆಂದು 2010ರಲ್ಲಿ ಅಮೆರಿಕದ ಡಾರ್ವಿನ್ ಪ್ರಾಕಾಪ್ ಅವರ ತಂಡ ತೋರಿಸಿತು.

ಆದರೆ ಉಂಡೆ ದೊಡ್ಡದಾದಂತೆ ಅದರ ನಡುವಿನ ಕೋಶಗಳು ಸಾಯತೊಡಗುತ್ತವೆ. ರಕ್ತನಾಳವಿಲ್ಲದ ಕಡೆ ಆಮ್ಲಜನಕವು ಮಿಲಿಮೀಟರಿನ ಒಂದೆರಡು ದಶಾಂಶಕ್ಕಿಂತ ಆಳಕ್ಕೆ ತಲುಪದು. ಒಂದೇ ಗಾತ್ರದ, ಒಂದೇ ಗುಣಮಟ್ಟದ ಉಂಡೆಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸುವುದೂ ಸುಲಭವಲ್ಲ. ಪ್ರಯೋಗಾಲಯದ ಗೆಲುವಿಗೂ ರೋಗಿಯ ಹಾಸಿಗೆಗೂ ನಡುವೆ ಬಹಳ ದೂರವಿದೆ.

ಆ ದೂರವನ್ನು ಪ್ರಾಮಾಣಿಕವಾಗಿ ಕ್ರಮಿಸಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಸಂಸ್ಥೆಯು ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯ ಕೋಶಗಳಿಂದ ತಯಾರಿಸಿದ ಔಷಧಕ್ಕೆ ಮಾನವ ಪ್ರಯೋಗಗಳ ನಂತರವೇ 2016ರಲ್ಲಿ ಸೀಮಿತ ಅನುಮತಿ ದೊರೆಯಿತು. 2020ರಲ್ಲಿ ಅದು ವಿಸ್ತಾರಗೊಂಡಿತು. ಅದು ಮೊದಲು ಗುರಿಯಿಟ್ಟದ್ದು ಬರ್ಜರ್ ಕಾಯಿಲೆಗೆ. ಬೀಡಿ, ಸಿಗರೇಟು ಸೇದುವ ದುಡಿಯುವ ವಯಸ್ಸಿನ ಗಂಡಸರ ಕಾಲಿನ ರಕ್ತನಾಳಗಳು ಮುಚ್ಚಿ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗುವ ರೋಗವದು. ಕಾಫಿ ತೋಟದ ಕೂಲಿಕಾರನಿಗೆ ಕಾಲು ಹೋದರೆ ಉಳಿಯುವುದೇನು? ಆದ್ದರಿಂದ ಈ ವಿಜ್ಞಾನವು ಬಡವನ ಪಾಲಿಗೂ ಮುಖ್ಯವಾದುದೇ. ಬೀಡಿ ಬಿಡುವುದೇ ಅದಕ್ಕೆ ಮೊದಲ ಔಷಧವೆಂಬುದನ್ನೂ ಮರೆಯಬಾರದು.

ಇದು ಧರ್ಮಸಮ್ಮತವೇ ಎಂದು ಕೇಳುವವರಿದ್ದಾರೆ. ರಾಬಿತಾದ ಫಿಕ್ಹ್ ಅಕಾಡಮಿಯು 2003ರಲ್ಲಿ ಮಕ್ಕಾದಲ್ಲಿ ಸೇರಿ, ವಯಸ್ಕರಿಂದ ಅವರ ಒಪ್ಪಿಗೆ ಪಡೆದು ತೆಗೆದ ಕೋಶಗಳ ಬಳಕೆಗೆ ಸಮ್ಮತಿಸಿದೆ. ಅದಕ್ಕೆಂದೇ ಭ್ರೂಣಹತ್ಯೆ ಮಾಡುವುದನ್ನು ನಿಷೇಧಿಸಿದೆ. ಹಾಗಾಗಿ ಇಂದಿನ ಪ್ರಶ್ನೆ ವಿಜ್ಞಾನದ ಕುರಿತಾದುದಲ್ಲ, ವಂಚನೆಯ ಕುರಿತಾದುದು.

ರಕ್ತದ ಕೆಲವು ರೋಗಗಳಿಗೆ ನಡೆಸುವ ಅಸ್ಥಿಮಜ್ಜೆಯ ಕಸಿ ಮತ್ತು ಅನುಮತಿ ಪಡೆದ ಔಷಧಗಳನ್ನು ಬಿಟ್ಟರೆ ಕಾಂಡಕೋಶದ ಉಳಿದೆಲ್ಲ ಬಳಕೆ ಕೇವಲ ಪ್ರಯೋಗ. ಪ್ರಯೋಗಕ್ಕೆ ಒಳಗಾಗುವವರಿಂದ ಹಣ ಪಡೆಯಬಾರದೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ನಿಲುವು. ಆಟಿಸಂಗೆ ಕಾಂಡಕೋಶ ಚಿಕಿತ್ಸೆ ನೀಡುವುದು ವೃತ್ತಿಪರ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರಲ್ಲಿ ಸ್ಪಷ್ಟಪಡಿಸಿತು. ಇಷ್ಟಾದರೂ ಮಗಳ ಮದುವೆಗೆಂದು ಕೂಡಿಟ್ಟ ಚಿನ್ನ ಮಾರಿ ಇಂತಹ ಚಿಕಿತ್ಸೆಯ ಬೆನ್ನು ಹತ್ತುವ ಹೆತ್ತವರಿದ್ದಾರೆ. ಅವರ ಕಣ್ಣೀರೇ ಕೆಲವರಿಗೆ ಬಂಡವಾಳ.

ಝಕಾತ್‌ನ ಹಣ ಬಡವರ ಹಕ್ಕು. ಅದನ್ನು ವಿತರಿಸುವವರ ಮೇಲೆ ಅಮಾನತಿನ ಹೊಣೆಯಿದೆ. ಆದ್ದರಿಂದ ಸಹಾಯ ನೀಡುವ ಮುನ್ನ ಜಮಾಅತ್‌ಗಳು ಮೂರು ಪ್ರಶ್ನೆ ಕೇಳಲಿ. ಈ ಕಾಯಿಲೆಗೆ ಈ ಔಷಧಕ್ಕೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಇದೆಯೇ? ಪ್ರಯೋಗವಾದರೆ ಅದು ರಾಷ್ಟ್ರೀಯ ನೋಂದಣಿಯಲ್ಲಿದೆಯೇ? ನೋಂದಾಯಿತ ಪ್ರಯೋಗವಾದರೆ ಹಣವನ್ನೇಕೆ ಕೇಳುತ್ತಿದ್ದಾರೆ? ಉತ್ತರ ಸಿಗದಿದ್ದರೆ ರೋಗಿಯನ್ನು ಬರಿಗೈಯಲ್ಲಿ ಕಳುಹಿಸದೆ, ಮಡಿಕೇರಿಯ ಸರಕಾರಿ ವೈದ್ಯರ ಬಳಿಗೆ ಜೊತೆಯಲ್ಲೇ ಕರೆದೊಯ್ಯಲಿ. ಅಂಗೀಕೃತ ಔಷಧವು ಬಡವರ ಕೈಗೆಟಕುವಂತೆ ಸರಕಾರವೂ ವಿಮಾ ಯೋಜನೆಗಳ ಮೂಲಕ ದಾರಿ ಮಾಡಲಿ. ರೋಗಿಗೆ ಭರವಸೆ ಬೇಕು, ನಿಜ. ಆದರೆ ಅದು ಸುಳ್ಳಿನ ಮೇಲೆ ನಿಂತಿರಬಾರದು.