ಮೊಬೈಲ್ ಬಗ್ಗೆ ಬೀಚಿ ಯಾವಾಗ ಬರೆದರು?

ಹೋದ ತಿಂಗಳು ನಮ್ಮ ಸಮೇತನಹಳ್ಳಿಯ ಟೀ ಅಂಗಡಿಯಲ್ಲಿ ಪಕ್ಕದ ಬೀದಿಯ ಹುಡುಗನೊಬ್ಬ ತನ್ನ ಫೋನನ್ನು ನನ್ನ ಮುಖದ ಮುಂದೆ ಹಿಡಿದ. "ಅಣ್ಣ, ನೋಡಿ, ನಿಮ್ ಬೀಚಿದು ಬಂದೈತೆ." ಹೆಂಡತಿಯ ಮೊಬೈಲಿಗೆ ಕರೆನ್ಸಿ ಹಾಕಿಸಲು ಹೋದ ತಿಮ್ಮನ ಜೋಕು. ಕೆಳಗೆ ಬೀಚಿಯವರ ಫೋಟೊ. ಬೀಚಿ ತೀರಿಕೊಂಡದ್ದು 1980ರಲ್ಲಿ, ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರಲ್ಲಿ. ಅದನ್ನೇ ಹುಡುಗನಿಗೆ ಹೇಳಿ, ಇಂಥ ಸುಳ್ಳು ಹಬ್ಬಿಸುವವರನ್ನು ನಾಲ್ಕು ಮಾತು ಬೈದೆ. ಅವನು ಚಿತ್ರವನ್ನು ಹಿಗ್ಗಿಸಿ ತೋರಿಸಿದ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನದೇ ಜಾಲತಾಣದ ಹೆಸರಿತ್ತು.

ಎಂಟು ವರ್ಷದಿಂದ ಬೀಚಿಯವರಿಗಾಗಿ ಒಂದು ಜಾಲತಾಣ ನಡೆಸುತ್ತಿದ್ದೇನೆ. ಸಂಬಳ ತರುವ ಕೆಲಸ ಬೇರೆ, ಇದು ರಾತ್ರಿಯ ಹುಚ್ಚು. ಮೊದಲು ಪುಸ್ತಕಗಳ ಪಟ್ಟಿ ಮಾತ್ರ ಇತ್ತು, ಯಾರೂ ಬರುತ್ತಿರಲಿಲ್ಲ. 'ದಿನಕ್ಕೊಂದು ಬೀಚಿ' ಎಂದು ಶುರುಮಾಡಿದ ಮೇಲೆ ಜನ ಬಂದರು. ಓದುಗರು ಕಳಿಸಿದ್ದನ್ನೂ ಹಾಕಿದೆ. ಯಾವ ಪುಸ್ತಕ, ಎಷ್ಟನೇ ಪುಟ ಎಂದು ಕೇಳಲಿಲ್ಲ. ಕೇಳಿದ್ದರೆ ಕಳಿಸುವುದನ್ನೇ ನಿಲ್ಲಿಸುತ್ತಿದ್ದರು. ಹಾಗಾಗಿ ಈ ಲೇಖನದಲ್ಲಿ ನಾನು ಜಗಳಕ್ಕೆ ಇಳಿದಿರುವುದು ಮೊದಲು ನನ್ನ ಜೊತೆಗೇ.

"ಹೇಗಾದರೂ ಹೆಸರು ಉಳಿದರೆ ಸಾಕಲ್ಲವೇ ಸಾರ್?" ಎಂಬ ಮಾತನ್ನು ನೂರು ಸಲ ಕೇಳಿದ್ದೇನೆ. ಸರ್ವಜ್ಞನ ಹೆಸರಲ್ಲಿ ಯಾರು ಯಾರೋ ಕಟ್ಟಿದ ತ್ರಿಪದಿಗಳಿಲ್ಲವೇ, ಅದರಿಂದ ಸರ್ವಜ್ಞನಿಗೆ ಏನು ನಷ್ಟವಾಯಿತು ಎಂದೂ ಕೇಳುತ್ತಾರೆ. ಸಣ್ಣ ವಾದವಲ್ಲ ಇದು. ಜನರ ಬಾಯಲ್ಲಿ ಹೆಸರು ಕರಗುವುದೇ ಒಂದು ಪದವಿ. ಆದರೆ ಸರ್ವಜ್ಞನಿಗೆ ಅಚ್ಚುಕೂಟವಿರಲಿಲ್ಲ. ಬೀಚಿಯವರ ಪುಸ್ತಕಕ್ಕೆ ಪ್ರಕಾಶಕರಿದ್ದರು, ಬೆಲೆಯಿತ್ತು, ಪುಟಕ್ಕೆ ಸಂಖ್ಯೆಯಿತ್ತು. ಅರವತ್ತಕ್ಕೂ ಹೆಚ್ಚು ಪುಸ್ತಕ ಬರೆದರು ಎಂದು ಎಲ್ಲರೂ ಹೇಳುವ ಒಬ್ಬ ಲೇಖಕ ತೀರಿಕೊಂಡು ಅರ್ಧ ಶತಮಾನವೂ ಆಗುವ ಮೊದಲೇ ಅವರನ್ನು ಅಜ್ಞಾತ ಕವಿ ಮಾಡಿಟ್ಟರೆ ಅದನ್ನು ಜಾನಪದ ಎನ್ನಬೇಕೆ? ನಾನು ಸೋಮಾರಿತನ ಎನ್ನುತ್ತೇನೆ.

ಬೀಚಿಯವರು ಜೋಕು ಬರೆಯಲಿಲ್ಲ ಎಂದಲ್ಲ, ಧಾರಾಳವಾಗಿ ಬರೆದರು. 'ಬೆಳ್ಳಿ ತಿಂಮ ನೂರೆಂಟು ಹೇಳಿದ' ಎಂಬ ಹೆಸರೇ ಲೆಕ್ಕ ಕೊಡುತ್ತದೆ. ಆದರೆ ಅವರು ಕಾದಂಬರಿಕಾರರೂ ಹೌದು. ತಿಂಮನನ್ನು ಹಂಚಿ ನಕ್ಕವರಲ್ಲಿ 'ದಾಸಕೂಟ', 'ಖಾದಿ ಸೀರೆ', 'ಸರಸ್ವತಿ ಸಂಹಾರ'ಗಳ ಹೆಸರಾದರೂ ಕೇಳಿದವರು ಎಷ್ಟು ಜನ? ಕಾದಂಬರಿಯಲ್ಲಿ ಒಂದು ಮಾತು ನಗಿಸುವುದು ಅದನ್ನು ಆಡಿದವನು ಯಾರು, ಕೇಳಿಸಿಕೊಂಡವಳು ಯಾರು, ಹಿಂದಿನ ಐವತ್ತು ಪುಟದಲ್ಲಿ ಅವರ ನಡುವೆ ಏನಾಗಿದೆ ಎಂಬುದು ನಮಗೆ ಗೊತ್ತಿರುವುದರಿಂದ. ಆ ಮಾತನ್ನು ಕಿತ್ತು ಗುಲಾಬಿ ಹೂವಿನ ಚಿತ್ರದ ಮೇಲೆ ಅಂಟಿಸಿದರೆ ಉಳಿಯುವುದು ಗಂಡ ಹೆಂಡತಿ ಜೋಕು. ಅಂಥದ್ದು ಯಾವ ಭಾಷೆಯಲ್ಲಿ ಇಲ್ಲ? ಹರಪನಹಳ್ಳಿಯಲ್ಲಿ ಹುಟ್ಟಿ, ಪೊಲೀಸ್ ಇಲಾಖೆಯಲ್ಲಿ ದುಡಿದ ರಾಯಸಂ ಭೀಮಸೇನರಾವ್, ಕನ್ನಡವೆಂದರೆ ತಾತ್ಸಾರವಿದ್ದವರು, ಅನಕೃ ಅವರ 'ಸಂಧ್ಯಾರಾಗ' ಓದಿ ಈ ಕಡೆ ತಿರುಗಿದರು ಎಂಬ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅವರನ್ನು ಬದಲಿಸಿದ್ದು ಒಂದು ಇಡೀ ಕಾದಂಬರಿ. 'ಸಂಧ್ಯಾರಾಗ'ದ ಆಯ್ದ ನಾಲ್ಕು ಸಾಲು ಯಾರಾದರೂ ಕಳಿಸಿದ್ದರೆ ಅವರು ಪೊಲೀಸ್ ಇಲಾಖೆಯಲ್ಲೇ ನಿವೃತ್ತರಾಗಿ ಸುಮ್ಮನಿರುತ್ತಿದ್ದರೇನೋ.

ಇನ್ನು ಅಕ್ಷರದ ಗೋಳು. ಬೀಚಿಯವರು ಪುಸ್ತಕದ ಮೇಲೆ ತಮ್ಮ ಹೆಸರನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದರು. ಆ ಹೆಸರೇ ಒಂದು ನಗು. ಗೂಗಲಿನಲ್ಲಿ ಹುಡುಕುವವರು ಹಾಗೆ ಬರೆಯುವುದಿಲ್ಲ, ಪೂರ್ತಿ ಕನ್ನಡದಲ್ಲೋ ಪೂರ್ತಿ ಇಂಗ್ಲಿಷಿನಲ್ಲೋ ಬರೆಯುತ್ತಾರೆ. ಅವರ ನಾಯಕ 'ತಿಂಮ', ಸೊನ್ನೆ ಇರುವವನು. ಟೈಪ್ ಮಾಡುವವರೆಲ್ಲ ಅವನನ್ನು 'ತಿಮ್ಮ' ಎಂದು ತಿದ್ದುತ್ತಾರೆ. ತಿದ್ದಿದ ಕೂಡಲೇ ಅವನು ಡಿ.ವಿ.ಜಿ.ಯವರ ಮಂಕುತಿಮ್ಮನ ಪಕ್ಕ ಹೋಗಿ ನಿಲ್ಲುತ್ತಾನೆ, ಯಾವ ಮಾತು ಯಾವ ತಿಮ್ಮನದು ಎಂದು ಯಾರಿಗೂ ತಿಳಿಯದಂತಾಗುತ್ತದೆ. ಆತ್ಮಕಥೆಗೆ ಅವರು ಇಟ್ಟ ಹೆಸರು 'ನನ್ನ ಭಯಾಗ್ರಫಿ'. ಅದನ್ನು 'ಬಯಾಗ್ರಫಿ' ಎಂದು ಸರಿಪಡಿಸಿ ನನಗೆ ಪತ್ರ ಬರೆದ ಮೇಷ್ಟ್ರೊಬ್ಬರಿದ್ದಾರೆ. ಭಯ ಹೋಯಿತು, ನಗುವೂ ಹೋಯಿತು. ಮೇಷ್ಟ್ರ ತಪ್ಪೆನ್ನಲಾರೆ. ಹಾಸ್ಯ ಲೇಖಕನ ಕಾಗುಣಿತಕ್ಕೂ ಮರ್ಯಾದೆ ಇದೆ ಎಂದು ನಾವು ಯಾರಿಗೂ ಕಲಿಸಲಿಲ್ಲ. ನಮ್ಮ ವಿಮರ್ಶೆಗೆ ನಗು ಇವತ್ತಿಗೂ ಎಲೆ ತುದಿಯ ಉಪ್ಪಿನಕಾಯಿ. ಕಗ್ಗದ ಒಂದೊಂದು ಪದ್ಯಕ್ಕೂ ವ್ಯಾಖ್ಯಾನವಿದೆ, ಇರಲಿ, ಬೇಕು. ತಿಂಮನಿಗೆ ಒಂದು ಅಡಿಟಿಪ್ಪಣಿಯಾದರೂ ಬೇಡವೇ?

ಹೀಗೆಂದರೆ ಕೆಲವರು ನಗುತ್ತಾರೆ. ಅವರಲ್ಲೇ ಹಲವರು ಪಿ.ಜಿ. ವುಡ್‌ಹೌಸ್ ಭಕ್ತರು. 'ಮೇಡಂ ಯೂಲಲೀ' ಎಂಬ ಜಾಲತಾಣ ನೋಡಿ. ವುಡ್‌ಹೌಸ್ ಹಳೆಯ ಪತ್ರಿಕೆಗಳಲ್ಲಿ ಬರೆದದ್ದನ್ನು ಹುಡುಕಿ, ಎಲ್ಲಿ ಯಾವಾಗ ಬಂತು ಎಂಬುದರ ಸಮೇತ ಹಾಕಿದ್ದಾರೆ, ಒಂದೊಂದು ಉಲ್ಲೇಖಕ್ಕೂ ಟಿಪ್ಪಣಿ ಬರೆದಿದ್ದಾರೆ. ಮಾಡುತ್ತಿರುವವರು ನನ್ನಂತೆಯೇ ಹವ್ಯಾಸಿಗಳು. ಅವರಿಗೊಂದು ಅನುಕೂಲವಿದೆ ನಿಜ: ಆ ಬರಹಗಳ ಹಕ್ಕುಸ್ವಾಮ್ಯ ಅಮೆರಿಕದಲ್ಲಿ ಮುಗಿದಿದೆ. ನಮ್ಮಲ್ಲಿ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ. ಮೊದಲು 50 ಇತ್ತು. ಟ್ಯಾಗೋರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ, ಅದನ್ನು 60 ಮಾಡಿದರು. ಆ ಪ್ರಕಾರ ಬೀಚಿ ಸಾರ್ವಜನಿಕರ ಸ್ವತ್ತಾಗುವುದು 2041ರ ಜನವರಿ 1ಕ್ಕೆ. "ಪಿಡಿಎಫ್ ಇದೆಯಾ ಸಾರ್?" ಎಂದು ವಾರಕ್ಕೆ ಹತ್ತು ಜನ ಕೇಳುತ್ತಾರೆ. ಇಲ್ಲ. ಇದ್ದರೂ ಕೊಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಪುಸ್ತಕ ಕೊಂಡುಕೊಳ್ಳಿ.

ಆದರೆ ಪಟ್ಟಿ ಮಾಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಮೊದಲ ಮುದ್ರಣ ಯಾವ ವರ್ಷ, ಯಾವ ಊರಲ್ಲಿ, ಯಾವ ಪ್ರಕಾಶನ, ಮರುಮುದ್ರಣದಲ್ಲಿ ಏನು ಬದಲಾಯಿತು, ಅರ್ಪಣೆ ಯಾರಿಗೆ. ಇಷ್ಟನ್ನು 2041ಕ್ಕೆ ಬಿಟ್ಟರೆ ಅಷ್ಟು ಹೊತ್ತಿಗೆ ಕಾಗದವೇ ಇರುವುದಿಲ್ಲ. ಅಗ್ಗದ ಕಾಗದದ ಆ ಪ್ರತಿಗಳು ಈಗಾಗಲೇ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿವೆ. ತಿಂಗಳಿಗೊಮ್ಮೆ ಕಾಡುಗೋಡಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಚಿಕ್ಕಪೇಟೆಯಲ್ಲಿಳಿದು ಅವೆನ್ಯೂ ರಸ್ತೆಯ ಹಳೆ ಪುಸ್ತಕದವರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇನೆ. ಅಲ್ಲಿ ಗೈಡುಗಳ ರಾಶಿ. ಅದರಡಿಯಲ್ಲಿ ಎಲ್ಲೋ ಒಂದು ಬೀಚಿ, ರಕ್ಷಾಪುಟವಿಲ್ಲದ್ದು. ಪುಟದಂಚಿನಲ್ಲಿ ಯಾರೋ ಪೆನ್ಸಿಲಿನಿಂದ 'ನಕ್ಕೆ' ಎಂದು ಬರೆದಿದ್ದರು ಒಂದರಲ್ಲಿ. ಅದನ್ನು ಕೊಂಡೆ.

ಟೀ ಅಂಗಡಿಯ ಆ ಸಂಜೆಯೇ ಮನೆಗೆ ಬಂದು 'ದಿನಕ್ಕೊಂದು ಬೀಚಿ' ಪುಟವನ್ನು ತೆಗೆದುಹಾಕಿದೆ. ಪುಸ್ತಕ, ಪುಟ ಎರಡೂ ಸಿಕ್ಕ ಮಾತುಗಳನ್ನು ಮಾತ್ರ ಬೇರೆ ಕಡೆ ಉಳಿಸಿದೆ. ನಾನೂರಕ್ಕೂ ಹೆಚ್ಚಿದ್ದವು ಮೂವತ್ತೆಂಟಕ್ಕೆ ಇಳಿದವು. ಬರುವವರ ಸಂಖ್ಯೆಯೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಇಳಿಯಿತು. "ಜಾಲತಾಣ ಸತ್ತುಹೋಯಿತಲ್ಲ ಸಾರ್" ಎಂದು ಒಬ್ಬರು ಕನಿಕರಪಟ್ಟರು. 'ಸತ್ತವನು ಎದ್ದು ಬಂದಾಗ' ಅಂತ ಬೀಚಿಯವರದೇ ಒಂದು ಪುಸ್ತಕವಿದೆ, ಅದರ ಮೊದಲ ಮುದ್ರಣದ ಪ್ರತಿ ನಿಮ್ಮ ಮನೆಯಲ್ಲಿದ್ದರೆ ಹೇಳಿ ಎಂದು ಕೇಳಿದೆ.

ಅವರು ಇನ್ನೂ ಉತ್ತರಿಸಿಲ್ಲ. ಬಳ್ಳಾರಿ ಕಡೆಯ ಒಬ್ಬ ವಿದ್ಯಾರ್ಥಿನಿ ಮಾತ್ರ ತನ್ನ ತಾತನ ಟ್ರಂಕಿನಲ್ಲಿದ್ದ ಎಂಟು ಪುಸ್ತಕಗಳ ಒಳಪುಟದ ಫೋಟೊ ಕಳಿಸಿದ್ದಾಳೆ. ಐದರಲ್ಲಿ ವರ್ಷವಿದೆ. ಉಳಿದ ಮೂರರಲ್ಲಿ ಆ ಜಾಗವನ್ನು ಗೆದ್ದಲು ತಿಂದಿದೆ, ಬೆಲೆಯನ್ನು ಬಿಟ್ಟಿದೆ.